ಎರಡು ಬೂದುಬಣ್ಣಗಳು

ಮಡಿಕೇರಿಯ ಮನೆಯೊಂದರ ಒಳಗೋಡೆಗೆ ಬಣ್ಣವನ್ನು ಆರಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅಂಗಡಿಯ ಮಾದರಿ ಪುಸ್ತಕದಲ್ಲಿ ಎರಡು ನಸುಬೂದು ಬಣ್ಣಗಳಿವೆ. ಒಂದರಲ್ಲಿ ಬಿಳಿ ಮತ್ತು ಕಪ್ಪಿನೊಡನೆ ತುಸು ಹಳದಿ ಬೆರೆತಿದೆ. ಇನ್ನೊಂದರಲ್ಲಿ ತುಸು ನೀಲಿ. ಪುಟದ ಮೇಲೆ ಅವುಗಳ ಭೇದ ಅತ್ಯಲ್ಪ. ಆದರೆ ಗೋಡೆಗೆ ಬಳಿದ ಮೇಲೆ ಒಂದು ಹಿತವಾಗಿಯೂ ಇನ್ನೊಂದು ಮಂಕಾಗಿಯೂ ತೋರುವುದುಂಟು. ಹೀಗೇಕೆ?

ಬಣ್ಣವು ಗೋಡೆಯೊಂದರ ಸೊತ್ತಲ್ಲ; ಬೆಳಕಿನದೂ ಹೌದು. ಬಿದ್ದ ಬೆಳಕಿನಲ್ಲಿ ಒಂದಂಶವನ್ನು ವರ್ಣದ್ರವ್ಯವು ಹೀರಿಕೊಳ್ಳುತ್ತದೆ. ಉಳಿದುದು ಮರಳಿ ಕಣ್ಣನ್ನು ಸೇರುತ್ತದೆ. ಬೀಳುವ ಬೆಳಕು ಬದಲಾದರೆ ಮರಳುವ ಬೆಳಕೂ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಆಕಾಶವನ್ನು ಬಹುಮಟ್ಟಿಗೆ ಮೋಡ ಕವಿದಿರುತ್ತದೆ. ಮೋಡದ ಬೆಳಕಿನ ವರ್ಣತಾಪವು ಸುಮಾರು 6,500 ಕೆಲ್ವಿನ್. ಅದರಲ್ಲಿ ನೀಲಿಯ ಪಾಲು ಅಧಿಕ. ಹಳದಿ ಛಾಯೆಯ ವಿದ್ಯುದ್ದೀಪದ್ದು ಸುಮಾರು 2,700 ಮಾತ್ರ. ಮನೆಯು ಕಾಫಿ ತೋಟದ ನಡುವೆ ಇದ್ದರೆ ನೆರಳುಮರಗಳ ಎಲೆಗಳು ಬೆಳಕಿಗೆ ಹಸಿರನ್ನೂ ಬೆರೆಸುತ್ತವೆ.

ಇನ್ನೊಂದು ಕಾರಣವೂ ಉಂಟು. ಕೋಣೆಯೊಳಗೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಹಳದಿ ಬೆರೆತ ಗೋಡೆಯು ಹಳದಿ ಬೆಳಕಿನಲ್ಲಿ ನೂರಕ್ಕೆ 60 ಪಾಲನ್ನೂ ನೀಲಿ ಬೆಳಕಿನಲ್ಲಿ 50 ಪಾಲನ್ನೂ ಮರಳಿಸಲಿ. ಮೂರು ಸಲ ಪುಟಿದ ಬಳಿಕ ಉಳಿಯುವುದು ಸುಮಾರು 22 ಮತ್ತು 12.5 ಪಾಲು! ಮೊದಲು ಹಳದಿಯು ನೀಲಿಯ ಒಂದೂಕಾಲು ಪಾಲಿಗಿಂತ ಕಡಿಮೆಯಿತ್ತು. ಈಗ ಸುಮಾರು ಒಂದೂಮುಕ್ಕಾಲು ಪಾಲಾಯಿತು. ಪುಟದಲ್ಲಿ ಕಾಣದ ಛಾಯೆ ಕೋಣೆಯಲ್ಲಿ ಎದ್ದು ತೋರುವುದು ಹೀಗೆ.

ನೆರೆಯ ಬಣ್ಣದ ಪ್ರಭಾವವೂ ಕಡಿಮೆಯದಲ್ಲ. ಫ್ರೆಂಚ್ ರಸಾಯನವಿಜ್ಞಾನಿ ಷೆವ್ರಲ್ 1839ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಶದಪಡಿಸಿದನು. ರೆಡ್‌ಆಕ್ಸೈಡ್ ನೆಲದ ಪಕ್ಕದಲ್ಲಿ ಬೂದುಬಣ್ಣವು ತುಸು ಹಸಿರುನೀಲಿಯಾಗಿ ತೋರುತ್ತದೆ.

ಹಾಗಾದರೆ ಯಾವುದು ಮೇಲು? ಹಗಲೆಲ್ಲ ಮೋಡದ ಬೆಳಕನ್ನೇ ನೆಚ್ಚಿದ ಕೋಣೆಗೆ ಹಳದಿ ಬೆರೆತದ್ದು ಒಪ್ಪುತ್ತದೆ. ಅದು ಬೆಳಕಿನ ನೀಲಿಯನ್ನು ಸರಿದೂಗಿಸುತ್ತದೆ. ಬಿಸಿಲು ಧಾರಾಳವಾಗಿ ಬೀಳುವ ಕೋಣೆಯಲ್ಲಿ ನೀಲಿ ಬೆರೆತದ್ದೂ ಮಂಕಾಗದು. ಆದರೆ ಕೊನೆಯ ತೀರ್ಪನ್ನು ಪ್ರಯೋಗಕ್ಕೇ ಬಿಡುವುದು ಲೇಸು. ಎರಡು ದೊಡ್ಡ ರಟ್ಟುಗಳಿಗೆ ಎರಡೆರಡು ಸಲ ಬಣ್ಣ ಬಳಿದು, ಒಣಗಿಸಿ, ಅದೇ ಗೋಡೆಗೆ ಒರಗಿಸಿರಿ. ಬೆಳಗ್ಗೆ, ಮಳೆಯ ಮಧ್ಯಾಹ್ನ, ದೀಪ ಹಚ್ಚಿದ ಮೇಲೆ, ಮೂರು ಹೊತ್ತಿನಲ್ಲೂ ನೋಡಿರಿ. ಇಡೀ ಮನೆಗೆ ಮತ್ತೆ ಬಣ್ಣ ಬಳಿಸುವ ವೆಚ್ಚದ ಮುಂದೆ ಎರಡು ಚಿಕ್ಕ ಡಬ್ಬಿಗಳ ಬೆಲೆ ಏನೇನೂ ಅಲ್ಲ.