ಸೇವೆಗಾಗಿ ಓಟ: ಕೊನೆಯ ಮೂರು ವಾರಗಳ ಆರೋಗ್ಯ ನಿಯಮ

ಸಾಮಾನ್ಯವಾಗಿ ಜನವರಿ ತಿಂಗಳ ಮೂರನೆಯ ಭಾನುವಾರದಂದು, ಸೂರ್ಯೋದಯಕ್ಕೆ ಮುನ್ನವೇ, ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ರೈಲು ನಿಲ್ದಾಣದ ಬಳಿ ಸಾವಿರಾರು ಜನ ಓಟಕ್ಕೆ ಸಿದ್ಧರಾಗಿ ನಿಲ್ಲುತ್ತಾರೆ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್ ಇಂದು ನಮ್ಮ ದೇಶದ ದೊಡ್ಡ ಓಟಗಳಲ್ಲೊಂದು. ಗೆಲ್ಲಬೇಕೆಂದು ಓಡುವವರು ಅಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಉಳಿದವರಲ್ಲಿ ಅನೇಕರು ಬಡಮಕ್ಕಳ ಶಿಕ್ಷಣಕ್ಕಾಗಿ, ರೋಗಿಗಳ ಚಿಕಿತ್ಸೆಗಾಗಿ, ಅಂಗವಿಕಲರ ನೆರವಿಗಾಗಿ ಬಂಧುಮಿತ್ರರಿಂದ ದೇಣಿಗೆ ಸಂಗ್ರಹಿಸಿ ಓಡುವವರು. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರೂ ಕರ್ನಾಟಕದಿಂದ ಹೋಗುವವರೂ ಇವರಲ್ಲಿದ್ದಾರೆ.

ಹೀಗೆ ಓಡುವವರಲ್ಲಿ ಬಹುಪಾಲು ಜನ ವೃತ್ತಿಪರ ಕ್ರೀಡಾಪಟುಗಳಲ್ಲ. ಬ್ಯಾಂಕಿನ ನೌಕರರು, ಶಿಕ್ಷಕರು, ವ್ಯಾಪಾರಿಗಳು, ಗೃಹಿಣಿಯರು. ನಾಲ್ಕೈದು ತಿಂಗಳು ಮುಂಜಾನೆ ಎದ್ದು ಅಭ್ಯಾಸ ಮಾಡಿರುತ್ತಾರೆ. ಓಟಕ್ಕೆ ಮೂರು ವಾರ ಉಳಿದಾಗ ಅವರ ಮನಸ್ಸಿನಲ್ಲಿ ಒಂದು ಆತಂಕ ತಲೆದೋರುತ್ತದೆ: ‘ನನ್ನ ಅಭ್ಯಾಸ ಸಾಲದು. ಇಷ್ಟು ಜನ ನನ್ನನ್ನು ನಂಬಿ ಹಣ ಕೊಟ್ಟಿದ್ದಾರೆ. ಓಟ ಮುಗಿಸದಿದ್ದರೆ ಹೇಗೆ?’ ಈ ಆತಂಕದಿಂದ ಅಭ್ಯಾಸವನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ನೋವನ್ನು ಮಾತ್ರೆಯಿಂದ ಅಡಗಿಸುತ್ತಾರೆ, ಜ್ವರವನ್ನು ಲೆಕ್ಕಿಸುವುದಿಲ್ಲ. ಅಪಾಯ ಇರುವುದು ಇಲ್ಲಿಯೇ. ಕೊನೆಯ ಮೂರು ವಾರಗಳು ಶಕ್ತಿಯನ್ನು ಗಳಿಸುವ ಕಾಲವಲ್ಲ. ಗಳಿಸಿದ್ದನ್ನು ಕಾಪಾಡಿಕೊಳ್ಳುವ ಕಾಲ. ಈ ಒಂದು ತತ್ತ್ವವನ್ನು ಅರಿತರೆ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಅಭ್ಯಾಸವನ್ನು ಏಕೆ ತಗ್ಗಿಸಬೇಕು?

ಪೂರ್ಣ ಮ್ಯಾರಥಾನಿನ ದೂರ 42.195 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಈ ದೂರವೇ 1921ರಲ್ಲಿ ಅಧಿಕೃತ ಅಳತೆಯಾಯಿತು. ಇಷ್ಟು ದೂರಕ್ಕಾಗಿ ತಿಂಗಳುಗಟ್ಟಲೆ ಓಡುವಾಗ ಸ್ನಾಯುಗಳ ಎಳೆಗಳಲ್ಲಿ ಸೂಕ್ಷ್ಮವಾದ ಹಾನಿಯಾಗುತ್ತದೆ. ವಿಶ್ರಾಂತಿ ದೊರೆತಾಗ ದೇಹ ಆ ಹಾನಿಯನ್ನು ಸರಿಪಡಿಸಿ, ಎಳೆಗಳನ್ನು ಮೊದಲಿಗಿಂತ ಬಲಗೊಳಿಸುತ್ತದೆ. ಅಂದರೆ ಬಲ ಕೂಡುವುದು ಓಡುವಾಗ ಅಲ್ಲ, ಓಡಿದ ನಂತರದ ವಿಶ್ರಾಂತಿಯಲ್ಲಿ. ಈ ದುರಸ್ತಿಗೆ ದಿನಗಳು ಬೇಕು. ಆದಕಾರಣ ಓಟಕ್ಕೆ ಒಂದು ವಾರ ಇರುವಾಗ ಮಾಡಿದ ದೀರ್ಘ ಓಟದ ದಣಿವು ಮಾತ್ರ ಓಟದ ದಿನಕ್ಕೆ ಉಳಿಯುತ್ತದೆ. ಅದರ ಫಲ ಆ ದಿನಕ್ಕೆ ಕೈಸೇರದು.

ಅಭ್ಯಾಸವನ್ನು ಹೀಗೆ ಕ್ರಮವಾಗಿ ತಗ್ಗಿಸುವುದನ್ನು ಓಟಗಾರರು ‘ಟೇಪರ್’ ಎಂದು ಕರೆಯುತ್ತಾರೆ. ಈ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಸಂಶೋಧಕರು 2007ರಲ್ಲಿ ಒಂದು ಸ್ಪಷ್ಟ ನಿರ್ಣಯಕ್ಕೆ ಬಂದರು. ಸುಮಾರು ಎರಡು ವಾರಗಳ ಕಾಲ ಅಭ್ಯಾಸದ ಒಟ್ಟು ಪ್ರಮಾಣವನ್ನು ಶೇ. 41ರಿಂದ 60ರಷ್ಟು ತಗ್ಗಿಸಬೇಕು. ಆದರೆ ವೇಗವನ್ನೂ ವಾರದಲ್ಲಿ ಓಡುವ ದಿನಗಳ ಸಂಖ್ಯೆಯನ್ನೂ ಬದಲಿಸಬಾರದು. ಹೀಗೆ ಮಾಡಿದವರ ಸಾಮರ್ಥ್ಯ ಸರಾಸರಿ ಶೇ. 2ರಷ್ಟು ಹೆಚ್ಚುತ್ತದೆ. ಐದು ಗಂಟೆಗಳಲ್ಲಿ ಓಟ ಮುಗಿಸುವವರಿಗೆ ಇದು ಆರು ನಿಮಿಷಗಳ ಉಳಿತಾಯ. ಹೆಚ್ಚು ಓಡಿ ಅಲ್ಲ, ಕಡಿಮೆ ಓಡಿ ಪಡೆಯುವ ಲಾಭವಿದು!

ಉದಾಹರಣೆಗೆ, ವಾರಕ್ಕೆ 60 ಕಿ.ಮೀ. ಓಡುತ್ತಿದ್ದವರು ಓಟಕ್ಕೆ ಮೂರು ವಾರ ಇರುವಾಗ 45 ಕಿ.ಮೀ.ಗೆ, ಎರಡು ವಾರ ಇರುವಾಗ 35 ಕಿ.ಮೀ.ಗೆ ಇಳಿಯಬೇಕು. ಕೊನೆಯ ವಾರದಲ್ಲಿ ಮ್ಯಾರಥಾನನ್ನು ಬಿಟ್ಟು 15ರಿಂದ 20 ಕಿ.ಮೀ. ಸಾಕು. 30 ಕಿ.ಮೀ. ಆಸುಪಾಸಿನ ಕೊನೆಯ ದೀರ್ಘ ಓಟವನ್ನು ಮೂರು ವಾರ ಮೊದಲೇ ಮುಗಿಸಿರಬೇಕು. ಪೂರ್ಣವಾಗಿ ಓಟ ನಿಲ್ಲಿಸಿ ಮಲಗುವುದೂ ತಪ್ಪು. ಹಾಗೆ ಮಾಡಿದರೆ ಕಾಲುಗಳು ಜಡವಾಗುತ್ತವೆ. ದೂರ ಕಡಿಮೆ ಇರಲಿ, ಲಯ ತಪ್ಪದಿರಲಿ.

ಈ ದಿನಗಳಲ್ಲಿ ಮೈ ಭಾರವೆನಿಸಬಹುದು, ಎಂದೂ ಇಲ್ಲದ ಮೊಣಕಾಲಿನ ಚಿಕ್ಕ ನೋವು ಗಮನಕ್ಕೆ ಬರಬಹುದು, ನಿದ್ರೆ ಕದಡಬಹುದು. ಅಭ್ಯಾಸ ತಗ್ಗಿಸಿದ ಅನೇಕರಿಗೆ ಆಗುವ ಅನುಭವವಿದು. ಇದಕ್ಕೆ ಹೆದರಿ ಮತ್ತೆ ದೂರ ಓಡಲು ಹೊರಡಬಾರದು. ಬಿಟ್ಟುಹೋದ ಅಭ್ಯಾಸವನ್ನು ಕೊನೆಯಲ್ಲಿ ತುಂಬಿಸಿಕೊಳ್ಳಲು ಯಾರಿಂದಲೂ ಸಾಧ್ಯವಿಲ್ಲ.

ಆಹಾರದ ಕ್ರಮ

ಓಡುವಾಗ ದೇಹ ಮುಖ್ಯವಾಗಿ ಬಳಸುವ ಇಂಧನ ಗ್ಲೈಕೋಜನ್. ನಾವು ಉಂಡ ಪಿಷ್ಟಪದಾರ್ಥವು ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಈ ರೂಪದಲ್ಲಿ ಸಂಗ್ರಹವಾಗುತ್ತದೆ. ಈ ಸಂಗ್ರಹ ಪೂರ್ಣ ಮ್ಯಾರಥಾನಿಗೆ ಸಾಲುವಂಥದ್ದಲ್ಲ. ಅನೇಕರು 30 ಕಿ.ಮೀ. ದಾಟಿದ ಮೇಲೆ ಒಮ್ಮೆಲೇ ಕುಸಿಯಲು ಇದೇ ಮುಖ್ಯ ಕಾರಣ. ಮುಂಬಯಿಯಲ್ಲಿ ಪೆಡ್ಡರ್ ರಸ್ತೆಯ ಏರು ಎದುರಾಗುವುದೂ ಓಟದ ಈ ಕೊನೆಯ ಭಾಗದಲ್ಲಿಯೇ.

ಆದ್ದರಿಂದ ಓಟಕ್ಕೆ ಮುನ್ನಿನ ಎರಡು ದಿನ ಅನ್ನ, ಇಡ್ಲಿ, ಅವಲಕ್ಕಿ, ಆಲೂಗಡ್ಡೆ, ಬಾಳೆಹಣ್ಣು, ಬೆಲ್ಲ ಇವುಗಳ ಪ್ರಮಾಣ ಹೆಚ್ಚಿರಬೇಕು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 8ರಿಂದ 10 ಗ್ರಾಂ ಪಿಷ್ಟ ಎಂಬುದು ಒಂದು ಲೆಕ್ಕ. 60 ಕಿಲೋ ತೂಕದವರಿಗೆ ಇದು 480ರಿಂದ 600 ಗ್ರಾಂ ಆಗುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿರುತ್ತದೆ ಎಂದರೆ ಪ್ರಮಾಣದ ಅಂದಾಜು ಸಿಗುತ್ತದೆ. ಒಂದೇ ಊಟದಲ್ಲಿ ಹೊಟ್ಟೆ ಬಿರಿಯುವಂತೆ ಉಣ್ಣದೆ, ದಿನಕ್ಕೆ ಐದಾರು ಬಾರಿ ಹಂಚಿ ಸೇವಿಸಬೇಕು. ಎಣ್ಣೆ, ತುಪ್ಪ ಮಿತವಾಗಿರಲಿ. ಗ್ಲೈಕೋಜನ್ ತನ್ನೊಡನೆ ನೀರನ್ನೂ ಹಿಡಿದಿಡುವುದರಿಂದ ತೂಕ ಒಂದೆರಡು ಕಿಲೋ ಏರಬಹುದು. ಇದಕ್ಕೆ ಗಾಬರಿಪಟ್ಟು ಊಟ ಬಿಡಬಾರದು.

ಮುಂಬಯಿ ಓಟದ ಹೊತ್ತಿಗೆ ಮಕರ ಸಂಕ್ರಾಂತಿಯೂ ಬಂದಿರುತ್ತದೆ. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಾಳುಪಲ್ಯ ಇವೆಲ್ಲ ಪುಷ್ಟಿಕರವಾದವು. ಆದರೆ ನಾರು ಮತ್ತು ಎಣ್ಣೆಯ ಅಂಶ ಹೆಚ್ಚಿರುವುದರಿಂದ ನಿಧಾನವಾಗಿ ಜೀರ್ಣವಾಗುತ್ತವೆ, ಓಡುವಾಗ ಹೊಟ್ಟೆ ಕೆಡಿಸಬಹುದು. ಹಬ್ಬದ ದಿನ ಮಿತವಾಗಿ ರುಚಿ ನೋಡಿ, ಕೊನೆಯ ಎರಡು ದಿನ ಇವನ್ನು ದೂರವಿಡುವುದು ಒಳಿತು. ವಾರದ ಉಪವಾಸದ ರೂಢಿಯುಳ್ಳವರು ಆ ಒಂದು ವಾರ ಅದನ್ನು ಕೈಬಿಡುವುದು ಕ್ಷೇಮ. ಮಧುಮೇಹಿಗಳು ಪಿಷ್ಟವನ್ನು ಹೆಚ್ಚಿಸುವ ಮುನ್ನ ವೈದ್ಯರನ್ನು ಕಾಣಲೇಬೇಕು. ಮಾತ್ರೆ, ಇನ್ಸುಲಿನ್‌ಗಳ ಪ್ರಮಾಣವನ್ನು ತಾವೇ ಬದಲಿಸಕೂಡದು.

ಓಟದ ದಿನ ಎರಡು-ಮೂರು ಗಂಟೆ ಮೊದಲು ಅಭ್ಯಾಸವಿರುವ ಹಗುರ ಉಪಾಹಾರ ಸಾಕು. ಓಡುತ್ತಿರುವಾಗ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಬೇಕಾಗುತ್ತದೆ. ಒಂದು ಬಾಳೆಹಣ್ಣಿನಿಂದ ಸುಮಾರು 25 ಗ್ರಾಂ, ಚಿಕ್ಕ ಬೆಲ್ಲದ ತುಂಡಿನಿಂದ ಹತ್ತು ಗ್ರಾಂನಷ್ಟು ದೊರೆಯುತ್ತದೆ. ಅಭ್ಯಾಸದಲ್ಲಿ ತಿಂದು ನೋಡದ ಯಾವುದನ್ನೂ ಆ ದಿನ ಬಾಯಿಗೆ ಹಾಕಬಾರದು. ಈ ಮಾತು ಪಾದರಕ್ಷೆಗೂ ಅನ್ವಯಿಸುತ್ತದೆ: ಹೊಸ ಬೂಟು ಧರಿಸಿ ಮ್ಯಾರಥಾನ್ ಓಡಬಾರದು.

ನೀರು: ಕೊರತೆಯೂ ಅತಿಯೂ ಅಪಾಯ

ನೀರು ಕಡಿಮೆಯಾದರೆ ಅಪಾಯ ಎಂಬುದನ್ನು ಎಲ್ಲರೂ ಬಲ್ಲರು. ಅತಿಯಾದರೂ ಅಪಾಯ ಎಂಬುದು ಹಲವರಿಗೆ ತಿಳಿಯದು. ಬೇಕಾದುದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ಅಂಶ ತೆಳುವಾಗುತ್ತದೆ. ಮೊದಲು ತಲೆನೋವು, ವಾಕರಿಕೆ, ಬೆರಳುಗಳ ಊತ. ಬಳಿಕ ಗೊಂದಲ, ಅಪಸ್ಮಾರ. ಕೆಲವೊಮ್ಮೆ ಮರಣವೂ ಸಂಭವಿಸುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಜನರ ರಕ್ತವನ್ನು ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಓಟದಲ್ಲಿ ತೂಕ ಇಳಿಯುವ ಬದಲು ಏರಿದವರಲ್ಲಿಯೂ, ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಓಡಿದವರಲ್ಲಿಯೂ ಈ ತೊಂದರೆ ಹೆಚ್ಚಾಗಿ ಕಂಡಿತು. ಸೇವೆಗಾಗಿ ಓಡುವವರಲ್ಲಿ ಬಹಳಷ್ಟು ಮಂದಿ ನಿಧಾನವಾಗಿ ಓಡುವವರೇ ಆದ್ದರಿಂದ ಈ ಎಚ್ಚರಿಕೆ ಮುಖ್ಯವಾಗಿ ಅವರಿಗೆ ಸಲ್ಲುತ್ತದೆ.

ಹಾಗಾದರೆ ಎಷ್ಟು ಕುಡಿಯಬೇಕು? ಬಾಯಾರಿಕೆಯಾದಾಗ, ಬಾಯಾರಿಕೆ ತಣಿಯುವಷ್ಟು. ದಾರಿಯ ಪ್ರತಿಯೊಂದು ನೀರಿನ ಮೇಜಿನ ಬಳಿಯೂ ಕುಡಿಯಲೇಬೇಕೆಂಬ ನಿಯಮವಿಲ್ಲ. ಬೆವರು ಬಹಳ ಹೋಗುವವರು ಲವಣಯುಕ್ತ ಪಾನೀಯವನ್ನು ಸೇವಿಸಬಹುದು. ಆದರೆ ಅದನ್ನೂ ಅತಿಯಾಗಿ ಕುಡಿದರೆ ಅದೇ ಅಪಾಯ.

ಮುಂಬಯಿಯ ಕಡಲ ಗಾಳಿಯಲ್ಲಿ ಜನವರಿಯಲ್ಲೂ ತೇವಾಂಶ ಹೆಚ್ಚು. ಧಾರವಾಡ, ಕಲಬುರಗಿ, ಬೆಂಗಳೂರುಗಳ ಒಣ ಚಳಿಯಲ್ಲಿ ಅಭ್ಯಾಸ ಮಾಡಿದವರಿಗೆ ಅಲ್ಲಿ ಬೆವರು ಆರುವುದೇ ಇಲ್ಲ. ಮೈಯ ತಾಪ ಬೇಗ ಏರುತ್ತದೆ. ಇಂತಹ ಹವೆಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದೆರಡು ವಾರ ಬೇಕು. ಅಷ್ಟು ಕಾಲ ಮೊದಲೇ ಹೋಗಿ ಇರಲಾಗದವರು ತಮ್ಮ ವೇಗವನ್ನೇ ತಗ್ಗಿಸಿಕೊಳ್ಳಬೇಕು. ಹಿಂದಿನ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದು ಮುಂಜಾನೆ ಓಡುವುದಂತೂ ಸರ್ವಥಾ ಸಲ್ಲದು. ಆತಂಕದಿಂದ ಹಿಂದಿನ ರಾತ್ರಿ ನಿದ್ರೆ ಬಾರದಿದ್ದರೆ ಚಿಂತೆ ಬೇಡ. ಅದರ ಹಿಂದಿನ ರಾತ್ರಿಗಳಲ್ಲಿ ಚೆನ್ನಾಗಿ ನಿದ್ರಿಸಿದ್ದರೆ ಸಾಕು.

ಓಡಬಾರದ ಸಂದರ್ಭಗಳು

ಕೇವಲ ಮೂಗು ಸೋರುವ ನೆಗಡಿಯಿದ್ದರೆ ಅಭ್ಯಾಸ ತಗ್ಗಿಸಿ, ಗುಣವಾಗುವವರೆಗೆ ಕಾಯಬಹುದು. ಜ್ವರ, ಎದೆಯಲ್ಲಿ ಕಫ, ಮೈಕೈ ನೋವು, ಭೇದಿ ಇವುಗಳಲ್ಲಿ ಯಾವುದೊಂದಿದ್ದರೂ ಓಡಕೂಡದು. ಜ್ವರವಿರುವಾಗ ತೀವ್ರ ಶ್ರಮ ಮಾಡಿದರೆ ಹೃದಯದ ಸ್ನಾಯುವಿಗೆ ಉರಿಯೂತ ತಗಲಬಹುದು. ಮೂಳೆಯ ಒಂದೇ ಜಾಗದಲ್ಲಿ ಒತ್ತಿದರೆ ನೋಯುವುದು, ಕುಂಟದೆ ನಡೆಯಲಾಗದಿರುವುದು ಇವು ಮೂಳೆಯ ಬಿರುಕಿನ ಲಕ್ಷಣಗಳಿರಬಹುದು. ವೈದ್ಯರು ಪರೀಕ್ಷಿಸಿ ಅನುಮತಿ ನೀಡುವವರೆಗೆ ಓಟ ನಿಲ್ಲಲಿ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂತಹ ನೋವುನಿವಾರಕ ಮಾತ್ರೆಗಳನ್ನು ನುಂಗಿ ಓಡುವುದು ಮೂತ್ರಪಿಂಡಗಳಿಗೆ ಅಪಾಯಕಾರಿ. ನೋವು ದೇಹ ನೀಡುವ ಎಚ್ಚರಿಕೆ. ಅದನ್ನು ಅಡಗಿಸಿದ ಮಾತ್ರಕ್ಕೆ ಕಾರಣ ಹೋಗುವುದಿಲ್ಲ.

ಹೃದಯದ ವಿಷಯವನ್ನೂ ಮರೆಯುವಂತಿಲ್ಲ. ಅಮೆರಿಕದಲ್ಲಿ 2000ದಿಂದ 2010ರವರೆಗಿನ ಪೂರ್ಣ ಮತ್ತು ಅರ್ಧ ಮ್ಯಾರಥಾನ್‌ಗಳನ್ನು ಪರಿಶೀಲಿಸಿದಾಗ, ಸುಮಾರು 1 ಕೋಟಿ 9 ಲಕ್ಷ ಓಟಗಾರರಲ್ಲಿ 59 ಜನರಿಗೆ ಹೃದಯಸ್ತಂಭನವಾಗಿತ್ತು. ಅವರಲ್ಲಿ 42 ಜನ ಮೃತಪಟ್ಟರು. ಅಪಾಯ ವಿರಳ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ಓಡುವಾಗ ಎದೆನೋವು, ತಲೆಸುತ್ತು, ಅಸಹಜ ಉಬ್ಬಸ, ಎದೆಬಡಿತದ ಏರುಪೇರು ಕಂಡವರು, ರಕ್ತದೊತ್ತಡ ಅಥವಾ ಮಧುಮೇಹ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತವಾಗಿದ್ದವರು ಈಗಲೇ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಓಟದ ದಾರಿಯಲ್ಲಿ ಇಂತಹ ಲಕ್ಷಣ ಕಂಡರೆ ಕೂಡಲೇ ನಿಂತು, ಸಮೀಪದ ವೈದ್ಯಕೀಯ ಶಿಬಿರಕ್ಕೆ ಹೋಗಬೇಕು. ‘ಇನ್ನೆರಡು ಕಿಲೋಮೀಟರು ತಾನೇ’ ಎಂಬ ಯೋಚನೆ ಬೇಡ.

ಕೊಟ್ಟ ಮಾತಿನ ಪ್ರಶ್ನೆ

ಇಷ್ಟೆಲ್ಲ ತಿಳಿದ ಮೇಲೂ ಸೇವೆಗಾಗಿ ಓಡುವವರಿಗೆ ಒಂದು ಅಳುಕು ಉಳಿಯುತ್ತದೆ. ತಮಗಾಗಿ ಓಡುವವರು ಮುಂದಿನ ವರ್ಷ ನೋಡಿಕೊಳ್ಳೋಣವೆಂದು ಸುಮ್ಮನಾಗಬಹುದು. ದೇಣಿಗೆ ಪಡೆದವರಿಗೆ ಹಿಂದೆ ಸರಿಯುವುದು ಮಾತಿಗೆ ತಪ್ಪಿದಂತೆ ತೋರುತ್ತದೆ. ಈ ಸಂಕೋಚ ಒಳ್ಳೆಯ ಮನಸ್ಸಿನಿಂದಲೇ ಹುಟ್ಟುತ್ತದೆ. ಜನರನ್ನು ಅಪಾಯಕ್ಕೆ ತಳ್ಳುವುದೂ ಇದೇ ಸಂಕೋಚ.

ವಿಚಾರಮಾಡಿ ನೋಡೋಣ. ಹಣ ಕೊಟ್ಟವರು ಕೊಟ್ಟದ್ದು ಆ ಮಕ್ಕಳ ಶಾಲೆಗೆ, ಆ ರೋಗಿಗಳ ಔಷಧಿಗೆ, ಓಡುವವರ ಕಾಲಿಗಲ್ಲ. ಓಟ ಅವರ ಗಮನವನ್ನು ಆ ಕಡೆ ಸೆಳೆದ ಒಂದು ನಿಮಿತ್ತ ಮಾತ್ರ. ಆದ್ದರಿಂದ ಓಡಲಾಗದ ಸ್ಥಿತಿ ಒದಗಿದರೆ ದಾನಿಗಳಿಗೆ ನೇರವಾಗಿ ತಿಳಿಸಿರಿ: ‘ಅನಾರೋಗ್ಯದಿಂದ ಈ ಬಾರಿ ಓಡಲಾಗುತ್ತಿಲ್ಲ. ತಾವಿತ್ತ ಹಣ ಸಂಸ್ಥೆಗೆ ತಲುಪಿದೆ.’ ತಲುಪಿದ್ದಕ್ಕೆ ರಸೀದಿಯನ್ನೂ ಕಳುಹಿಸಿರಿ. ಸತ್ಯವನ್ನು ತಿಳಿಸಿದವರ ಮೇಲೆ ಯಾರೂ ಮುನಿಯುವುದಿಲ್ಲ. ಓಡುತ್ತಾ ಓಡುತ್ತಾ ನಡೆಯಬೇಕಾಗಿ ಬಂದರೂ ಸಂಕೋಚ ಬೇಡ. ನಡೆದು ಮುಗಿಸಿದ ದೂರವೂ ಅದೇ 42.195 ಕಿ.ಮೀ.

ದಾಸೋಹ ಒಂದು ದಿನದ ಕೆಲಸವಲ್ಲ. ಈ ವರ್ಷ ಕೈಚಾಚಿದವರು ಮುಂದಿನ ವರ್ಷವೂ ಕೈಚಾಚಬೇಕು, ಅದರ ಮುಂದಿನ ವರ್ಷವೂ ಓಡಬೇಕು. ಅದಕ್ಕೆ ಕಾಯ ಉಳಿದಿರಬೇಕು. ಕೊನೆಯ ಮೂರು ವಾರಗಳಲ್ಲಿ ಕಡಿಮೆ ಓಡಿರಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ, ಚೆನ್ನಾಗಿ ನಿದ್ರಿಸಿರಿ. ಬೆಳಗಿನ ಜಾವ ಓಟದ ಸಾಲಿನಲ್ಲಿ ನಿಂತಾಗ ಕಾಲುಗಳು ಹಗುರವಾಗಿದ್ದರೆ ಈ ವಾರಗಳು ಸಾರ್ಥಕವಾದವೆಂದು ತಿಳಿಯಿರಿ.