ಮರುವಾಯಿ ಹಲಾಲ್, ಅದರೊಳಗಿನ ವಿಷ?



ಹಲಾಲ್ ಮತ್ತು ತಯ್ಯಿಬ್ ಆಹಾರದ ಕುರಿತ ಖುತ್ಬಾ ಕೇಳಿದ ಒಬ್ಬರು ನಮಾಝ್ ಮುಗಿದ ಮೇಲೆ ನಮ್ಮ ಬಳಿ ಬಂದರು. "ಉಸ್ತಾದರೇ, ಮರುವಾಯಿ ತಿಂದು ಮನೆಯವರಿಗೆಲ್ಲ ಭೇದಿಯಾಯಿತು. ಅದು ಹಲಾಲ್ ಅಲ್ಲವೇ?" ಶಾಫಿ ಮದ್‌ಹಬ್‌ನಲ್ಲಿ ಅನುಮತಿಯಿದೆ. ಹನಫಿಗಳು ಸಮುದ್ರಜೀವಿಗಳಲ್ಲಿ ಮೀನನ್ನು ಮಾತ್ರ ತಿನ್ನುತ್ತಾರೆ. ಆದರೆ ದೇಹಕ್ಕೆ ಹಾನಿ ಮಾಡುವ ವಿಷ ಯಾವ ಮದ್‌ಹಬ್‌ನಲ್ಲೂ ಹಲಾಲ್ ಅಲ್ಲ.

ಮರುವಾಯಿಯಂತಹ ಚಿಪ್ಪುಗಳು ನೀರನ್ನು ಸೋಸಿ, ಕಣ್ಣಿಗೆ ಕಾಣದ ಪಾಚಿಯನ್ನು ತಿಂದು ಬದುಕುತ್ತವೆ. ಡೈನೋಫೈಸಿಸ್ ಎಂಬ ಸೂಕ್ಷ್ಮಜೀವಿ ನೀರಿನಲ್ಲಿ ಹೆಚ್ಚಿದಾಗ ಅದರ ಒಕಡಾಯಿಕ್ ಆಮ್ಲ ಎಂಬ ವಿಷ ಚಿಪ್ಪಿನ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಚಿಪ್ಪು ಚೆನ್ನಾಗಿಯೇ ಇರುತ್ತದೆ. ತಿಂದವರಿಗೆ ಭೇದಿ, ವಾಂತಿ, ಹೊಟ್ಟೆನೋವು. 1976ರಲ್ಲಿ ಈಶಾನ್ಯ ಜಪಾನಿನಲ್ಲಿ ಹೀಗೆ ಹಲವರು ಕಾಯಿಲೆ ಬಿದ್ದಾಗ ಅಲ್ಲಿನ ವಿಜ್ಞಾನಿಗಳು ಕಾರಣ ಹುಡುಕಿದರು. ನಮ್ಮ ಕರ್ನಾಟಕದ ಕರಾವಳಿಯ ಚಿಪ್ಪುಗಳಲ್ಲೂ ಇಂತಹ ವಿಷ ಕಂಡುಬಂದಿದೆ.

ಈ ವಿಷ ಲಿವರ್‌ನ ಜೀವಕೋಶದಲ್ಲಿ ಮಾಡುವ ಕೆಲಸ ವಿಚಿತ್ರವಾದದ್ದು. ರಮಝಾನನ್ನು ನೆನೆಯಿರಿ. ಇಫ್ತಾರ್ ಆದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯ ಒಂದು ಭಾಗವನ್ನು ಲಿವರ್ ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಹಗಲು ಉಪವಾಸದಲ್ಲಿ ಅದನ್ನೇ ಕರಗಿಸಿ ರಕ್ತಕ್ಕೆ ಬಿಡುತ್ತದೆ. ಈ ಕೆಲಸ ಮಾಡುವ ಕಿಣ್ವಗಳಿಗೆ ಫಾಸ್ಫೇಟ್ ಅಂಟಿದರೆ ಸಕ್ಕರೆ ಹೊರಗೆ ಹೋಗುತ್ತದೆ. ಅದು ಕಳಚಿದರೆ ಒಳಗೆ ಉಳಿಯುತ್ತದೆ. ಕಳಚುವವು ಫಾಸ್ಫಟೇಸ್ ಎಂಬ ಬೇರೆ ಕಿಣ್ವಗಳು. ಒಕಡಾಯಿಕ್ ಆಮ್ಲ ಇವುಗಳ ಕೈಯನ್ನೇ ಕಟ್ಟಿಹಾಕುತ್ತದೆ. ಆಗ ಹೊಟ್ಟೆ ತುಂಬಿದ್ದರೂ ಕೋಶ ಉಪವಾಸದಲ್ಲಿದ್ದಂತೆ ನಡೆದುಕೊಳ್ಳುತ್ತದೆ: ಕೂಡಿಟ್ಟದ್ದನ್ನು ಕರಗಿಸುತ್ತದೆ, ಹೊಸದಾಗಿಯೂ ಸಕ್ಕರೆ ತಯಾರಿಸಿ ಹೊರಗೆ ಬಿಡುತ್ತದೆ. ತನ್ನ ಹಳೆಯ ಭಾಗಗಳನ್ನು ತಾನೇ ಕರಗಿಸಿ ಶುಚಿಗೊಳಿಸುವ ಕೆಲಸವೂ ನಿಲ್ಲುತ್ತದೆ. ಇವೆಲ್ಲ ಇಲಿಯ ಲಿವರ್‌ನಿಂದ ಬೇರ್ಪಡಿಸಿದ ಕೋಶಗಳಲ್ಲಿ, ಪ್ರಯೋಗಾಲಯದಲ್ಲಿ ಕಂಡದ್ದು. ಒಮ್ಮೆ ಭೇದಿಯಾದವರು ಲಿವರ್ ಹೋಯಿತೆಂದು ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಮೂರು ದಿನಗಳಲ್ಲಿ ಗುಣವಾಗುತ್ತದೆ.

ಚೆನ್ನಾಗಿ ಬೇಯಿಸಿದರೆ ಸಾಕೆಂದು ಮನೆಗಳಲ್ಲಿ ಹೇಳುತ್ತಾರೆ. ನಾವೂ ಹಾಗೆಯೇ ನಂಬಿದ್ದೆವು. ಆದರೆ ಕುದಿಸಿದರೂ ಈ ವಿಷ ನಾಶವಾಗುವುದಿಲ್ಲ. ರುಚಿಯಲ್ಲಿ, ವಾಸನೆಯಲ್ಲಿ ತಿಳಿಯುವುದೂ ಇಲ್ಲ. ರಾತ್ರಿಯಿಡೀ ನೀರಿನಲ್ಲಿಟ್ಟರೆ ಮರಳು ಹೋಗುತ್ತದೆ, ವಿಷ ಹೋಗುವುದಿಲ್ಲ. ಯುರೋಪಿನಲ್ಲಿ ಒಂದು ಕಿಲೋ ಚಿಪ್ಪಿನ ಮಾಂಸದಲ್ಲಿ ಇದು 160 ಮೈಕ್ರೋಗ್ರಾಂ ಮೀರಿದರೆ ಮಾರುವಂತಿಲ್ಲ. ಹೊಳೆಯಲ್ಲಿ ಹೆಕ್ಕಿ ತಂದ ಬುಟ್ಟಿಗೆ ಅಂತಹ ಪರೀಕ್ಷೆ ಎಲ್ಲಿ? ಆದ್ದರಿಂದ ಕೊಳ್ಳುವ ಮೊದಲು, ಆ ಹೊಳೆಯದ್ದನ್ನು ತಿಂದು ಯಾರಿಗಾದರೂ ತೊಂದರೆಯಾಗಿದೆಯೇ ಎಂದು ವಿಚಾರಿಸಿ. ನಿಮಗೇ ಆದರೆ ಮಾರಿದವರಿಗೂ ನೆರೆಮನೆಗೂ ತಿಳಿಸಿ, ಸಂಕೋಚಪಟ್ಟು ಮುಚ್ಚಿಡಬೇಡಿ.

ತುಟಿ, ನಾಲಗೆ ಜುಮ್ಮೆಂದರೆ ಅದು ನರಗಳಿಗೆ ತಗಲುವ ಬೇರೆಯೇ ವಿಷ. 1983ರಲ್ಲಿ ಮಂಗಳೂರಿನ ಸಮೀಪ ಮರುವಾಯಿ ತಿಂದು ಒಬ್ಬ ಬಾಲಕ ತೀರಿಕೊಂಡದ್ದು ಅದರಿಂದಲೇ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಉಳಿದ ಪದಾರ್ಥ ಎಸೆದರೆ ಇಸ್ರಾಫ್ ಆಗುವುದಿಲ್ಲವೇ ಎಂದು ಅವರು ಮತ್ತೆ ಕೇಳಿದರು. ಆಗುವುದಿಲ್ಲ. ಬೆಕ್ಕಿಗೂ ಹಾಕದೆ ಮಣ್ಣಿನಲ್ಲಿ ಹೂತುಬಿಡಿ ಎಂದೆವು.