ಮರಳಿ ಬರುವ ಹೊತ್ತಿನ ಕಡಲು

ಚಳಿಗಾಲದ ರಜೆ ಬಂದಿತೆಂದರೆ ಒಮ್ಮೆ ಕಡಲನ್ನು ನೋಡಿ ಬರಬೇಕೆಂಬ ಹಂಬಲ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಮೂಡುವುದು ಸಹಜ. ಕಮರಿಪೇಟೆಯ ಇಕ್ಕಟ್ಟಾದ ಓಣಿಗಳಿಂದ ಹಿಡಿದು ಕೇಶ್ವಾಪುರದ ಬಡಾವಣೆಗಳವರೆಗೆ, ನಾಲ್ಕಾರು ಕುಟುಂಬಗಳು ಕೂಡಿ ಒಂದು ವಾಹನ ಗೊತ್ತು ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಕಾರವಾರದ ದಂಡೆ ಸೇರುವುದು ಹಲವು ವರ್ಷಗಳಿಂದ ನಡೆದುಬಂದ ರೂಢಿ. ನಮ್ಮ ಸಮುದಾಯಕ್ಕಂತೂ ಆ ದಂಡೆ ಪರಸ್ಥಳವೆನಿಸುವುದಿಲ್ಲ. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯವು ಬೆಳಗಾವಿ ಧರ್ಮಪ್ರಾಂತ್ಯದಿಂದ ಬೇರೆಯಾಗುವವರೆಗೆ ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ಆಡಳಿತಕ್ಕೆ ಸೇರಿದ್ದರು. ಇಂದಿಗೂ ನಮ್ಮಲ್ಲಿ ಅನೇಕರು ಮದುವೆ, ಜ್ಞಾನಸ್ನಾನಗಳ ನೆಪದಲ್ಲಿ ಕಾರವಾರ, ಅಂಕೋಲಾ, ಹೊನ್ನಾವರಗಳ ಬಂಧುಗಳ ಮನೆಗೆ ಹೋಗಿ ಬರುವುದುಂಟು.

ಹೋದವರು ದಂಡೆಯ ಮೇಲಷ್ಟೇ ನಿಂತು ಬರುವುದಿಲ್ಲ. ಎದುರಿಗೆ ದ್ವೀಪಗಳು ಕಾಣುತ್ತವೆ, ದೋಣಿಗಳು ಕಾದಿರುತ್ತವೆ, ಮಕ್ಕಳು ಹಟ ಹಿಡಿಯುತ್ತವೆ. ದೋಣಿಯ ಬಗೆಗೆ ನಮಗಿರುವ ಅನುಭವವಾದರೋ ಬಹುಮಟ್ಟಿಗೆ ಉಣಕಲ್ ಕೆರೆಯ ವಿಹಾರದ್ದು. ಕೆರೆಯ ನೀರು ದೋಣಿ ಹತ್ತುವಾಗ ಹೇಗಿತ್ತೋ ಇಳಿಯುವಾಗಲೂ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಕಡಲಿನ ಸ್ವಭಾವ ಬೇರೆ. ಬೆಳಿಗ್ಗೆ ಕನ್ನಡಿಯಂತೆ ಕಂಡ ಕೊಲ್ಲಿ ಮಧ್ಯಾಹ್ನ ಮರಳುವ ಹೊತ್ತಿಗೆ ಗುರುತು ಸಿಗದಷ್ಟು ಬದಲಾಗಿರಬಹುದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಜೀವಗಳು ಉಳಿದಾವೆಂಬ ಕಾರಣದಿಂದ ಈ ವಾರ ಈ ವಿಷಯವನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇವೆ.

ಕೂರ್ಮಗಡದ ನೆನಪು

ಕಾಳಿ ನದಿಯು ಕಡಲನ್ನು ಸೇರುವ ಎಡೆಯಲ್ಲಿ, ಕಾರವಾರದ ಎದುರಿಗೆ, ಆಮೆಯ ಆಕಾರದ ಕೂರ್ಮಗಡ ದ್ವೀಪವಿದೆ. ಅಲ್ಲಿನ ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಯಂದು, ಅಂದರೆ ನಮ್ಮ ಕಡೆಯವರು ಬನದ ಹುಣ್ಣಿಮೆ ಎಂದು ಕರೆಯುವ ದಿನ, ನಡೆಯುತ್ತದೆ. ಅಲ್ಲಿಗೆ ಹೋಗಲು ದೋಣಿಯ ಹೊರತು ಬೇರೆ ದಾರಿಯಿಲ್ಲ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಅಸುನೀಗಿದರು. ಅವರಲ್ಲಿ ಹಲವರು ನಮ್ಮ ನೆರೆಯ ಹಾವೇರಿ ಜಿಲ್ಲೆಯ ಒಂದೇ ಕುಟುಂಬದವರು, ಮಕ್ಕಳೂ ಅವರಲ್ಲಿದ್ದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದೂ ಎಲ್ಲರ ಮೈಮೇಲೆ ಜೀವರಕ್ಷಕ ಅಂಗಿ ಇರಲಿಲ್ಲವೆಂದೂ ಆಗ ವರದಿಯಾಗಿತ್ತು. ಅದು ಮಳೆಗಾಲವಾಗಿರಲಿಲ್ಲ, ಚಂಡಮಾರುತದ ಸುಳಿವೂ ಇರಲಿಲ್ಲ. ಪ್ರವಾಸಕ್ಕೆ ಹೇಳಿ ಮಾಡಿಸಿದ್ದೆಂದು ನಾವೆಲ್ಲ ತಿಳಿದಿರುವ ಜನವರಿ ತಿಂಗಳಲ್ಲಿಯೇ ಇಷ್ಟು ಜೀವಗಳು ಹೋದವು.

ಹಬ್ಬಕ್ಕಾಗಿ ದ್ವೀಪಕ್ಕೆ ದೋಣಿಯಲ್ಲಿ ಹೋಗುವುದು ನಮ್ಮವರಿಗೂ ಹೊಸದೇನಲ್ಲ. ಕಾರವಾರಕ್ಕೆ ಸಮೀಪದ ಅಂಜದೀವದಲ್ಲಿ ಬ್ರೋತಾಸ್ ಮಾತೆಯ ದೇವಾಲಯವಿದ್ದು, ಫೆಬ್ರವರಿ 2ರ ಹಬ್ಬಕ್ಕೆ ಗೋವೆಯಿಂದಲೂ ಕಾರವಾರದಿಂದಲೂ ಭಕ್ತರು ಹಿಂದೆ ದೋಣಿಗಳಲ್ಲಿ ತೆರಳುತ್ತಿದ್ದರು. ಆ ದ್ವೀಪ ಈಗ ನೌಕಾನೆಲೆಯ ವ್ಯಾಪ್ತಿಯಲ್ಲಿದೆ. ಯಾವ ದೇವರ ಹಬ್ಬಕ್ಕೆ ಹೊರಟವರಾದರೂ ಗಾಳಿ ಮತ್ತು ನೀರಿನ ನಿಯಮ ಎಲ್ಲರಿಗೂ ಒಂದೇ.

ಬೆಳಗಿನ ಗಾಳಿ, ಮಧ್ಯಾಹ್ನದ ಗಾಳಿ

ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಅಷ್ಟು ಬೇಗ ತಣಿಯುವುದಿಲ್ಲ. ಆದ್ದರಿಂದ ನಸುಕಿನಲ್ಲಿ ಗಾಳಿಯು ಘಟ್ಟದ ಕಡೆಯಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತದೆ. ದಂಡೆಯಲ್ಲಿ ನಿಂತವರಿಗೆ ಆಗ ನೀರು ನಿಶ್ಚಲವಾಗಿ ಕಾಣುತ್ತದೆ. ಆದರೆ ನೆಲದ ಮರೆಯಲ್ಲಿ ಶಾಂತವಾಗಿರುವ ಆ ನೀರು ಒಂದೆರಡು ಕಿಲೋಮೀಟರ್ ಹೊರಗೆ ಹೋದಂತೆ ಹಾಗೆಯೇ ಇರುವುದೆಂದು ಹೇಳಲಾಗದು. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ. ಸುಮಾರು ಹನ್ನೊಂದು-ಹನ್ನೆರಡರ ಹೊತ್ತಿಗೆ ಕಡಲ ಕಡೆಯಿಂದ ಬೀಸತೊಡಗಿ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಬಲಗೊಂಡು, ಹೊತ್ತು ಮುಳುಗಿದ ಮೇಲೆ ಇಳಿಯುತ್ತದೆ. ಇದು ದಿನದಿನದ ಕ್ರಮ. ಜನವರಿಯಿಂದ ಬೇಸಿಗೆಯತ್ತ ಸಾಗಿದಂತೆ ಪಶ್ಚಿಮ ಮತ್ತು ವಾಯವ್ಯದ ಈ ಗಾಳಿಗೆ ಬಲ ಹೆಚ್ಚು.

ಕಾರವಾರದ ಕೊಲ್ಲಿಗೆ ದಕ್ಷಿಣದಲ್ಲಿ ಗುಡ್ಡದ ಮೂಗು ಕಡಲಿಗೆ ಚಾಚಿಕೊಂಡಿದೆ. ಬೈತಖೋಲ್ ಬಂದರು ಅದರ ಆಸರೆಯಲ್ಲಿದೆ. ವಾಯವ್ಯದ ಕಡೆಗೆ ಕೊಲ್ಲಿ ತೆರೆದುಕೊಂಡಿರುವುದರಿಂದ ಮಧ್ಯಾಹ್ನದ ಗಾಳಿ ಒಳನುಗ್ಗಲು ತಡೆ ಕಡಿಮೆ. ಕೊಲ್ಲಿಯ ಆಸರೆ ಯಾವ ದಿಕ್ಕಿನ ಗಾಳಿಗೆ ಎಂಬುದನ್ನು ಮೊದಲು ವಿಚಾರಿಸಬೇಕು. ಎಲ್ಲ ದಿಕ್ಕಿಗೂ ಆಸರೆಯಾದ ಕೊಲ್ಲಿ ಅಪರೂಪ.

ಗಾಳಿಯ ಬಲವನ್ನು ಅಳೆಯಲು ನಮ್ಮೂರಿನಲ್ಲಿಯೇ ಒಂದು ಸುಲಭ ಸಾಧನವಿದೆ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಮಾಪನದಲ್ಲಿ ನಾಲ್ಕನೆಯ ಅಂಕದ ಗಾಳಿಯ ವೇಗ ಗಂಟೆಗೆ 20ರಿಂದ 28 ಕಿ.ಮೀ. ನೆಲದ ಮೇಲೆ ಇದರ ಗುರುತೆಂದರೆ ಧೂಳು ಏಳುವುದು, ಬಿಡಿ ಕಾಗದಗಳು ಹಾರುವುದು. ಹುಬ್ಬಳ್ಳಿಯ ರಸ್ತೆಯಲ್ಲಿ ನಾವು ಸೆರಗನ್ನೋ ಕರವಸ್ತ್ರವನ್ನೋ ಮೂಗಿಗೆ ಹಿಡಿಯುವಂತೆ ಮಾಡುವ ಅದೇ ಗಾಳಿ ಕಡಲಿನಲ್ಲಿ ತೆರೆಗಳ ತಲೆಯ ಮೇಲೆ ಎಲ್ಲೆಡೆ ಬಿಳಿ ನೊರೆಯನ್ನು ಎಬ್ಬಿಸುತ್ತದೆ. ನೊರೆ ಅಲ್ಲೊಂದು ಇಲ್ಲೊಂದು ಕಾಣತೊಡಗಿದಾಗಲೇ ಎಚ್ಚರಗೊಳ್ಳಬೇಕು. ಎಲ್ಲೆಡೆ ಹರಡಿತೆಂದರೆ ಮಕ್ಕಳು, ವೃದ್ಧರೊಡನೆ ತೆರೆದ ಸಣ್ಣ ದೋಣಿಯಲ್ಲಿ ಹೊರಡಕೂಡದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಅಳಿವೆಯ ಬಾಯಿಯಲ್ಲಿ

ನದಿ ಕಡಲನ್ನು ಸೇರುವ ಬಾಯಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಹುಟ್ಟಿನಿಂದ ಕಡಲನ್ನೇ ನಂಬಿದ ಮೀನುಗಾರರೂ ಅಂಜುವ ಸ್ಥಳವಿದು. ಅಲ್ಲಿ ಹೂಳು ತುಂಬಿ ನೀರು ಆಳವಿರುವುದಿಲ್ಲ. ಭರತಿ ಇಳಿಯುವಾಗ ನದಿಯ ನೀರೂ ಇಳಿತದ ನೀರೂ ಕೂಡಿ ಹೊರಕ್ಕೆ ನುಗ್ಗುತ್ತವೆ. ಅದೇ ಹೊತ್ತಿಗೆ ಕಡಲ ಗಾಳಿಯು ತೆರೆಗಳನ್ನು ಒಳಕ್ಕೆ ತಳ್ಳುತ್ತಿದ್ದರೆ, ಎದುರುಬದುರಾದ ಈ ಎರಡು ಬಲಗಳ ನಡುವೆ ತೆರೆಗಳು ಕಡಿದಾಗಿ ಎದ್ದು ಒಡೆಯುತ್ತವೆ. ಹೊರಗಿನ ಕಡಲು ಸಾಧಾರಣವಾಗಿದ್ದಾಗಲೂ ಅಳಿವೆ ಕೆರಳಿರಬಹುದು.

ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತಿ ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ನಮ್ಮ ಈ ಕರಾವಳಿಯಲ್ಲಿ ಅಂಥ ದಿನಗಳಂದು ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮೊದಲು ಭರತಿ ತುಂಬಿ, ಇಳಿಹೊತ್ತಿನವರೆಗೆ ಇಳಿತ ನಡೆಯುತ್ತದೆ. ಅಂದರೆ ನೀರು ಜೋರಾಗಿ ಹೊರಕ್ಕೆ ಹರಿಯುವ ಹೊತ್ತೂ ಗಾಳಿ ಬಲವಾಗಿ ಒಳಕ್ಕೆ ಬೀಸುವ ಹೊತ್ತೂ ಒಂದಾಗುತ್ತವೆ. ಹುಣ್ಣಿಮೆಯ ಜಾತ್ರೆಗೆ ಹೋದವರು ಊಟ ಮುಗಿಸಿ ಮರಳುವುದೂ ಆಗಲೇ. ಜನ ಹೆಚ್ಚು ಸೇರುವ ದಿನವೇ ನೀರಿನ ಸೆಳೆತವೂ ಹೆಚ್ಚಿರುವುದನ್ನು ಪಂಚಾಂಗವೇ ನಮಗೆ ಮುಂಚಿತವಾಗಿ ಹೇಳಿರುತ್ತದೆ.

ಅಳಿವೆ ದಾಟುವ ಮುನ್ನ ಅನುಭವಿಗಳು ಹತ್ತು-ಹದಿನೈದು ನಿಮಿಷ ಸುಮ್ಮನೆ ನಿಂತು ನೋಡುತ್ತಾರೆ. ತೆರೆಗಳು ಒಂದೇ ಎತ್ತರದಲ್ಲಿ ಬರುವುದಿಲ್ಲ. ಹಲವು ಸಣ್ಣ ತೆರೆಗಳ ನಂತರ ದೊಡ್ಡವು ಗುಂಪಾಗಿ ಬರುತ್ತವೆ. ಕ್ಷಣಮಾತ್ರ ನೋಡಿದವನಿಗೆ ಸಣ್ಣವಷ್ಟೇ ಕಂಡಿರುತ್ತವೆ. 2025ರ ಜುಲೈ ತಿಂಗಳಲ್ಲಿ ಗಂಗೊಳ್ಳಿ ಅಳಿವೆಯ ಬಳಿ ನಾಡದೋಣಿ ಮಗುಚಿ ಮೂವರು ಮೀನುಗಾರರು ನೀರುಪಾಲಾದರು. ಬಲ್ಲವರ ಪಾಡೇ ಹೀಗಾದರೆ ವರ್ಷಕ್ಕೊಮ್ಮೆ ಕಡಲು ಕಾಣುವ ನಮ್ಮಂಥವರು ಎಷ್ಟು ಎಚ್ಚರವಾಗಿರಬೇಕು?

ದೂರದಿಂದ ಬರುವ ತೆರೆ

ಗಾಳಿಯೇ ಇಲ್ಲದ ದಿನ ಕಡಲು ಸುರಕ್ಷಿತವೆಂಬ ನಂಬಿಕೆಯೂ ಸರಿಯಲ್ಲ. ಚಳಿಗಾಲದಲ್ಲಿ ಪರ್ಷಿಯನ್ ಕೊಲ್ಲಿಯ ಕಡೆ ಬೀಸುವ ಶಮಾಲ್ ಎಂಬ ಗಾಳಿ ಎಬ್ಬಿಸಿದ ತೆರೆಗಳು ಅರಬ್ಬಿ ಸಮುದ್ರವನ್ನು ದಾಟಿ ನಮ್ಮ ಪಶ್ಚಿಮ ತೀರಕ್ಕೆ ಬರುತ್ತವೆ. ಬೇಸಿಗೆಯಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಿಂದ ಹುಟ್ಟಿದ ಉದ್ದನೆಯ ತೆರೆಗಳು ದಿನಗಟ್ಟಲೆ ಪಯಣಿಸಿ ಬಂದು ದಡಕ್ಕೆ ಅಪ್ಪಳಿಸುವುದುಂಟು. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂಬುದು ಅದರ ಅರ್ಥ. ಇನ್ನು ಏಪ್ರಿಲ್-ಮೇ ತಿಂಗಳಲ್ಲಿ ಘಟ್ಟದ ಮೇಲೆ ಮಧ್ಯಾಹ್ನ ಕಾರ್ಮೋಡ ಕಟ್ಟಿ ಗುಡುಗು ಕೇಳಿಸಿತೆಂದರೆ, ಮಳೆಯ ಹನಿ ಬೀಳುವ ಮೊದಲೇ ರಭಸದ ಗಾಳಿ ಕಡಲಿಗೆ ಇಳಿಯುತ್ತದೆ. ಅಂಥ ಸಮಯದಲ್ಲಿ ದಡದಲ್ಲಿರುವುದೇ ಲೇಸು. ಮಳೆಗಾಲದ ಮಾತನ್ನಂತೂ ಹೇಳಬೇಕಾಗಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ.

ಇಂಥ ದೂರದ ತೆರೆಗಳನ್ನು ಕಣ್ಣಳತೆಯಿಂದ ಮುಂಚಿತವಾಗಿ ಅರಿಯಲಾಗದು. ಅದಕ್ಕಾಗಿ ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ತೆರೆಗಳ ಎತ್ತರ ಮತ್ತು ಗಾಳಿಯ ಮುನ್ಸೂಚನೆಯನ್ನು ನೀಡುತ್ತದೆ. ಸಣ್ಣ ದೋಣಿಗಳು ಮಗುಚುವ ಸಂಭವವಿರುವ ಪ್ರದೇಶಗಳನ್ನು ಮೊದಲೇ ತಿಳಿಸುವ ಪ್ರತ್ಯೇಕ ಸೇವೆಯನ್ನು ಅದು 2020ರಲ್ಲಿ ಆರಂಭಿಸಿತು. ಹವಾಮಾನ ಇಲಾಖೆಯು ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಬಂದರುಗಳಲ್ಲಿ ಏರಿಸುವ 3ನೆಯ ಸಂಖ್ಯೆಯ ಸಂಕೇತವು ಬಂದರಿಗೆ ರಭಸದ ಗಾಳಿಯ ಭೀತಿಯಿದೆ ಎಂದು ಸೂಚಿಸುತ್ತದೆ. ಮುನ್ಸೂಚನೆಯನ್ನು ಓದುವಾಗ ಒಂದು ಅಂಶ ಗಮನದಲ್ಲಿರಲಿ. ಅದರಲ್ಲಿ ಹೇಳುವ ಎತ್ತರ, ದೊಡ್ಡ ತೆರೆಗಳ ಮೂರನೆಯ ಒಂದು ಪಾಲಿನ ಸರಾಸರಿ ಮಾತ್ರ. ಒಂದು ಮೀಟರ್ ಎಂದು ಹೇಳಿದ್ದರೆ, ನಡುನಡುವೆ ಅದರ ಎರಡು ಪಟ್ಟಿನಷ್ಟು ಎತ್ತರದ ತೆರೆಯೂ ಬರಬಹುದು. ದೋಣಿಯನ್ನು ಮಗುಚಲು ಅಂಥದೊಂದೇ ಸಾಕು.

ಬೇಡವೆನ್ನುವ ಧೈರ್ಯ

ಇಷ್ಟೆಲ್ಲ ತಿಳಿದ ಮೇಲೂ ಉಳಿಯುವ ಕಷ್ಟವೊಂದಿದೆ. ಅದು ಮನುಷ್ಯರದು. ದೋಣಿಯವನು ಮುಗಿಲು ನೋಡಿ, "ಈಗ ಬೇಡ ಸಾರ್, ಗಾಳಿ ಎದ್ದಿದೆ" ಎನ್ನುತ್ತಾನೆ. "ಇಷ್ಟು ದೂರದಿಂದ ಬಂದೇವ್ರಿ ಅಣ್ಣಾರ, ಒಂದು ಸುತ್ತು ಹೊಡಸಿಬಿಡ್ರಿ" ಎಂದು ಒತ್ತಾಯಿಸುವವರು ನಾವೇ. ಅವನದು ದಿನದ ದುಡಿಮೆ. ಗಿರಾಕಿ ಪಕ್ಕದ ದೋಣಿಗೆ ಹೋದಾನೆಂಬ ಅಂಜಿಕೆ ಅವನಿಗಿರುತ್ತದೆ. ಇನ್ನು ನಾಲ್ವರು ಹತ್ತಲಿ ಎನ್ನುವವರೂ ಹಲವೊಮ್ಮೆ ಪ್ರಯಾಣಿಕರೇ. ಕೇರಳದ ತಾನೂರಿನಲ್ಲಿ 2023ರ ಮೇ 7ರ ಸಂಜೆ, ಹೊತ್ತು ಮುಳುಗಿದ ವೇಳೆಯಲ್ಲಿ, ಮಿತಿಮೀರಿ ಜನರನ್ನು ಹೊತ್ತ ವಿಹಾರ ದೋಣಿ ಅಳಿವೆಯ ಬಳಿ ಮಗುಚಿ 22 ಮಂದಿ ಸತ್ತರು. ಭಾರ ಹೆಚ್ಚಿದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಒಳಗಿದ್ದವರು ಎದ್ದು ನಿಂತರೆ ಅಥವಾ ಒಂದೇ ಮಗ್ಗುಲಿಗೆ ಸರಿದರೆ, ತಾಳಿಕೊಳ್ಳಬಹುದಾಗಿದ್ದ ತೆರೆಯನ್ನೂ ದೋಣಿ ತಾಳದಾಗುತ್ತದೆ.

ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ಬಲ್ಲ ಓದುಗರಿಗೆ ಈ ಒತ್ತಾಯದ ಕಥೆ ಹೊಸದಲ್ಲ. ಸೆರೆಯಾಳಾಗಿ ರೋಮಿಗೆ ಸಾಗುತ್ತಿದ್ದ ಸಂತ ಪೌಲರು, ಕ್ರೇತ ದ್ವೀಪದ ರೇವಿನಿಂದ ಆ ಋತುವಿನಲ್ಲಿ ಮುಂದೆ ಹೊರಡುವುದು ಅಪಾಯವೆಂದು ಎಚ್ಚರಿಸಿದರು. ಶತಾಧಿಪತಿಯು ಅವರ ಮಾತಿಗಿಂತ ಹಡಗಿನ ಯಜಮಾನ ಮತ್ತು ನಾವಿಕನ ಮಾತಿಗೆ ಹೆಚ್ಚು ಬೆಲೆ ಕೊಟ್ಟನು. ಹೆಚ್ಚಿನವರ ಅಭಿಪ್ರಾಯವೂ ಹೊರಡಬೇಕೆಂದೇ ಆಗಿತ್ತು. ತೆಂಕಣ ಗಾಳಿ ಮೆಲ್ಲನೆ ಬೀಸಿದ್ದೇ ಎಲ್ಲರಿಗೂ ಶುಭ ಶಕುನವೆನಿಸಿತು. ಸ್ವಲ್ಪ ಹೊತ್ತಿನಲ್ಲಿಯೇ ಬಿರುಗಾಳಿ ಎರಗಿತು. ಹಡಗು ಒಡೆದರೂ ಅದರಲ್ಲಿದ್ದ 276 ಮಂದಿ ದಡ ಸೇರಿದರೆಂಬುದು ಆ ಕಥನದ ಸಮಾಧಾನ. ಅಂಥ ಸಮಾಧಾನವನ್ನು ನಂಬಿಕೊಂಡು ನಾವು ದೋಣಿ ಹತ್ತುವಂತಿಲ್ಲ.

ಆದ್ದರಿಂದ ದಂಡೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಮರಳುವುದು ಎಷ್ಟು ಗಂಟೆಗೆ ಮತ್ತು ಆಗ ಗಾಳಿಯೂ ಇಳಿತವೂ ಹೇಗಿರುತ್ತವೆ ಎಂಬುದು. ಬೆಳಿಗ್ಗೆ ಬೇಗನೆ ಹೋಗಿ, ಗಾಳಿ ಬಲಗೊಳ್ಳುವ ಮುನ್ನ ಮರಳುವಂತೆ ಗೊತ್ತು ಮಾಡಿಕೊಳ್ಳುವುದು ಉತ್ತಮ. ಜೀವರಕ್ಷಕ ಅಂಗಿಯನ್ನು ದಡದಲ್ಲಿಯೇ ತೊಟ್ಟು ಬಿಗಿದುಕೊಳ್ಳಬೇಕು; ಆಸನದ ಕೆಳಗಿಟ್ಟ ಅಂಗಿ ಮುಳುಗುವವನ ಕೈಗೆ ಸಿಗದು. ಮಕ್ಕಳ ಅಳತೆಯದು ಇಲ್ಲವೆಂದರೆ ಮಕ್ಕಳು ಹತ್ತಬಾರದು. ನಿಗದಿಗಿಂತ ಒಬ್ಬರು ಹೆಚ್ಚಾದರೂ ಇಳಿದುಬಿಡಬೇಕು. ಹೋಗುವ ಸಂಗತಿಯನ್ನೂ ಮರಳುವ ವೇಳೆಯನ್ನೂ ದಡದಲ್ಲಿ ಒಬ್ಬರಿಗೆ ತಿಳಿಸಿರಬೇಕು. ಕರಾವಳಿ ರಕ್ಷಣಾ ಪಡೆಯ 1554 ಹಾಗೂ ಕರಾವಳಿ ಕಾವಲು ಪೊಲೀಸರ 1093 ದೂರವಾಣಿ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು.

ಧರ್ಮಕೇಂದ್ರಗಳಿಂದಲೂ ಯುವಕ ಸಂಘಗಳಿಂದಲೂ ಪ್ರವಾಸ ಹೊರಡಿಸುವ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಹೊರಡುವ ಮುನ್ನವೇ ಗುಂಪಿನಲ್ಲಿ ಒಬ್ಬರಿಗೆ ಬೇಡವೆನ್ನುವ ಅಧಿಕಾರವನ್ನು ಕೊಡಿ; ಅವರು ಬೇಡವೆಂದ ಮೇಲೆ ಚರ್ಚೆ ಬೇಡ. ಬೇಡವೆಂದ ದೋಣಿಯವನಿಗೆ ಒಂದು ಕೃತಜ್ಞತೆಯ ಮಾತು ಹೇಳಿ, ಸಾಧ್ಯವಾದರೆ ಅವನ ಚಹಾದ ಖರ್ಚಿಗಾದರೂ ಏನನ್ನಾದರೂ ಕೊಡಿ. ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಂಡು, ಮಕ್ಕಳಿಗೆ ದೂರದಿಂದಲೇ ದ್ವೀಪವನ್ನು ತೋರಿಸಿ, ಸಂಜೆಗೆ ಘಟ್ಟ ಹತ್ತಿದರೂ ಪ್ರವಾಸ ವ್ಯರ್ಥವಾಗುವುದಿಲ್ಲ. ದ್ವೀಪ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಹೋದವರೆಲ್ಲರೂ ಎಣಿಕೆ ತಪ್ಪದೆ ಮನೆಗೆ ಮರಳಬೇಕು.